ಐದು ಮಾರು ನೂಲು

ಬೇವಿನಕಣಿವೆಯ ಪರಮಪೂಜ್ಯ ಸೋಮಲಿಂಗ ಅಜ್ಜನವರ ಮಠವೆಂದರೆ ಎರಡು ಅಂಕಣದ ಮಣ್ಣಿನ ಮಾಳಿಗೆ, ಅಷ್ಟೇ. ಒಂದು ಅಂಕಣದಲ್ಲಿ ಅವರ ಗುರುಗಳ ಗದ್ದುಗೆ. ಇನ್ನೊಂದರಲ್ಲಿ ಒಂದು ಕಂಬಳಿ, ಒಂದು ತಂಬಿಗೆ, ಜೋಳದ ಚೀಲ. ಬಂದ ಭಕ್ತರು ಕೂಡಬೇಕಾದದ್ದು ಮುಂದಿನ ಬೇವಿನ ಮರದ ನೆರಳಿನಲ್ಲಿ. ಸುತ್ತಲಿನ ಉಳ್ಳವರು ಎಷ್ಟೋ ಸಲ ಬಂದು, ಕಲ್ಲಿನ ಮಠ ಕಟ್ಟಿಸಿಕೊಡುತ್ತೇವೆ, ಅಪ್ಪಣೆಯಾಗಬೇಕು ಎಂದು ಕೈಮುಗಿದು ನಿಂತದ್ದುಂಟು. ಅಜ್ಜನವರು ನಕ್ಕು, “ಅಷ್ಟ ದೊಡ್ಡ ಮಠ ಕಟ್ಟಿದ ಮ್ಯಾಲ ಕಸಾ ಹೊಡಿಯಾವ್ರು ಯಾರಪ್ಪಾ?” ಎಂದು ಕೇಳುತ್ತಿದ್ದರಂತೆ.

ಅಜ್ಜನವರ ಕಾಯಕ ವಿಭೂತಿ ಮಾಡುವುದು. ಬಯಲಲ್ಲಿ ಬಿದ್ದ ಸಗಣಿಯನ್ನು ತಾವೇ ಆಯ್ದು ತಂದು ಕುಳ್ಳು ತಟ್ಟುತ್ತಿದ್ದರು. ಒಣಗಿದ ಮೇಲೆ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿ ಚೆಲ್ಲಿ, ಮತ್ತೆ ಕದಡಿ ಮತ್ತೆ ಸೋಸುತ್ತಿದ್ದರು. ಹೀಗೆ ಎಂಟು ಹತ್ತು ದಿನ ನಡೆದ ಮೇಲೆ ಬೆಣ್ಣೆಯಂಥ ಬಿಳಿಯ ಮುದ್ದೆ ಸಿಗುವುದು. ಅದನ್ನು ಗಟ್ಟಿ ಮಾಡಿ, ಹಲಗೆಗಳ ಮೇಲೆ ಸಾಲಾಗಿ ಇಟ್ಟು ಬಿಸಿಲಿಗೆ ಒಣಗಿಸುವರು. ಶಿವರಾತ್ರಿಗೆ ಸುತ್ತಲಿನ ಹನ್ನೆರಡು ಹಳ್ಳಿಗಳ ಹಣೆಗೆ ಅಲ್ಲಿಂದಲೇ ವಿಭೂತಿ ಹೋಗಬೇಕು.

ಈ ಪ್ರಸಂಗವನ್ನು ನನಗೆ ಹೇಳಿದವರು ಗದಿಗೆಯ್ಯನವರು. ಅಜ್ಜನವರ ಸೇವೆಯಲ್ಲಿಯೇ ತಲೆ ಹಣ್ಣಾದವರು. ಮೂಗಿನ ತುದಿಯಲ್ಲಿ ಸಿಟ್ಟು ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಿದ್ದರು. ಈ ಕಥೆ ಹೇಳುವಾಗ ಮಾತ್ರ ಅವರು ಅರ್ಧಕ್ಕೆ ನಗುವರು, ಮುಂದೆ ಸ್ವಲ್ಪ ಹೊತ್ತಿಗೆ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಳ್ಳುವರು. ನಾನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಹಾಗೆಯೇ.

ಕಣಿವೆಯಿಂದ ಎರಡು ಹರದಾರಿ ದೂರದಲ್ಲಿ ನೇಕಾರರ ಪೇಟೆ. ಅಲ್ಲಿ ಕುಬೇರಪ್ಪನೆಂಬ ದೇವಾಂಗದವನು, ಅವನ ಹೆಂಡತಿ ಶಂಕ್ರವ್ವ. ಅವರಿಗೆ ಒಬ್ಬಳೇ ಮಗಳು, ಹೆಸರು ನೀಲಿ, ಆರು ವರ್ಷದವಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಬನಶಂಕರಿಗೆ ಹರಕೆ ಹೊತ್ತು ಪಡೆದ ಕೂಸು. ದೇವಿ ಕೊಟ್ಟಳೇನೋ ನಿಜ, ಕೊಡುವಾಗ ಕೂಸಿನ ಕಾಲಿಗೆ ಚಕ್ರ ಕಟ್ಟಿ ಕೊಟ್ಟಳು. ಒಂಬತ್ತನೆಯ ತಿಂಗಳಿಗೆ ನಡೆದ ನೀಲಿ ಆಮೇಲೆ ನಡೆದದ್ದನ್ನು ಯಾರೂ ಕಾಣಲಿಲ್ಲ, ಓಡಿದ್ದನ್ನೇ ಕಂಡರು. ರೊಟ್ಟಿಯ ಒಂದು ತುತ್ತು ಕಟ್ಟೆಯ ಮೇಲೆ, ಎರಡನೆಯದು ಬಾವಿಯ ಹತ್ತಿರ, ಮೂರನೆಯದು ಪಕ್ಕದ ಮನೆಯ ಮಾಳಿಗೆಯ ಮೇಲೆ. ತುತ್ತು ಹಿಡಿದುಕೊಂಡು ಹಿಂದೆ ಹಿಂದೆ ಶಂಕ್ರವ್ವ. ಮಂದಿಯ ಕೋಳಿಯ ಬುಟ್ಟಿ ತೆಗೆದುಬಿಡುವಳು, ಕರುವಿನ ಕಣ್ಣಿ ಬಿಚ್ಚುವಳು, ನೀರಿನ ಕೊಡದಲ್ಲಿ ಕಾಲಿಟ್ಟು ಕುಣಿಯುವಳು. ಕೆಟ್ಟ ಬುದ್ಧಿಯ ಕೂಸಲ್ಲ. ಬೈದರೆ ಬೈದವರ ಕೊರಳಿಗೇ ಬಿದ್ದು ನಗುವ ಕೂಸು. ಆದರೆ ಆ ನಗು ಮುಗಿಯುವ ಮೊದಲೇ ಇನ್ನೊಂದು ಕಡೆ ಏನೋ ಉರುಳಿ ಬಿದ್ದಿರುತ್ತಿತ್ತು.

ಇಂಥ ಮಕ್ಕಳಿದ್ದ ಮನೆಗೆ ಬುದ್ಧಿ ಹೇಳುವವರು ಬಹಳ. “ಹೆಣ್ಣು ಕೂಸು ಹಿಂಗ ಇರತೈತೇನವ್ವಾ?” ಎಂದವರಿದ್ದರು. “ಗಿಡ ಇದ್ದಾಗ ಬಗ್ಗಸಬೇಕು, ಮರ ಆದ ಮ್ಯಾಲ ಬಗ್ಗತೈತೇನು?” ಎಂದವರಿದ್ದರು. “ಒಬ್ಬಾಕಿ ಮಗಳಂತ ತಾಯಿ ಮುದ್ದ ಮಾಡಿ ಕೆಡಿಸ್ಯಾಳ” ಎಂದು ಎಲ್ಲರೂ ಒಪ್ಪಿದ್ದರು. ಹೇಳುವವರಿಗೇನು, ಬಾಯಿಯೊಂದಿದ್ದರೆ ಸಾಕು. ಒಂದು ಗಳಿಗೆ ಕೂಸನ್ನು ಕರೆದುಕೊಂಡು ಹೋಗಿ, ನೀನು ಬಿಸಿ ರೊಟ್ಟಿ ಉಣ್ಣು ಎಂದವರು ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲ.

ಕುಬೇರಪ್ಪನೂ ಅದನ್ನೇ ನಂಬಿದ್ದ. ಅವನೇನು ಕಟುಕನಲ್ಲ. ಹೊತ್ತು ಹುಟ್ಟುವುದಕ್ಕೆ ಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟರೆ ಹೊತ್ತು ಮುಳುಗಿದ ಮೇಲೆಯೇ ಏಳುವ ದುಡಿಮೆಗಾರ. ಕೂಸು ತಾಯಿಯ ಕೆಲಸ, ಮಗ್ಗ ತನ್ನ ಕೆಲಸ; ತನ್ನ ಕೆಲಸ ತಾನು ಸರಿಯಾಗಿ ಮಾಡುತ್ತಿದ್ದೇನೆ, ಅವಳ ಕೆಲಸ ಅವಳು ಮಾಡುತ್ತಿಲ್ಲ ಎಂಬುದು ಅವನ ಲೆಕ್ಕ. ನಮ್ಮಲ್ಲಿ ಎಷ್ಟು ಜನ ಗಂಡಸರ ಲೆಕ್ಕ ಇದಲ್ಲ?

ಒಂದು ಮುಂಜಾನೆ ಓಣಿಯಲ್ಲಿ ಹಾಸು ಹಾಕಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಉದ್ದದ ಎಳೆಗಳನ್ನೆಲ್ಲ ಓಣಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿದ್ದಿ ಒಣಗಿಸುತ್ತಾರೆ. ಅದಕ್ಕೆ ಹಾಸು ಎನ್ನುತ್ತಾರೆ. ಅಂದು ಕೆಂಪು ಹಾಸು, ಮದುವೆಯ ಸೀರೆಗಳದು. ಶಂಕ್ರವ್ವ ಗಂಜಿಯ ಪಾತ್ರೆ ತರಲು ಒಳಗೆ ಹೋಗಿ ಬರುವುದರೊಳಗೆ ನೀಲಿ ಹಾಸಿನ ಕೆಳಗೆ ನುಸುಳಿ, ನಟ್ಟನಡುವೆ ಎದ್ದು ನಿಂತಳು. ನೂರಾರು ಎಳೆಗಳು ಪಟಪಟನೆ ಹರಿದವು. ಓಣಿಯವರೆಲ್ಲ ಕೂಡಿ ಗಂಟು ಹಾಕಿ ಮುಗಿಸಲು ಎರಡು ಹಗಲು ಬೇಕಾಯಿತು. ಆ ಎರಡು ಹಗಲೂ ಕುಬೇರಪ್ಪ ಅವರೆಲ್ಲರ ಮಾತು ಕೇಳುತ್ತ ತಲೆ ತಗ್ಗಿಸಿ ಕೂತಿದ್ದ. ಮೂರನೆಯ ದಿನ ಕೂಸಿನ ಕಾಲಿಗೆ ಹಗ್ಗ ಕಟ್ಟಿ ಮಗ್ಗದ ಕಂಬಕ್ಕೆ ಬಿಗಿದ.

ಹಗ್ಗ ಕಟ್ಟಿದ ಮೇಲೆ ನೀಲಿ ಅಳಲಿಲ್ಲ. ಹಗ್ಗ ಎಟುಕಿದಷ್ಟು ದೂರ ಓಡಿ, ಬಿದ್ದು, ಎದ್ದು, ಮತ್ತೆ ಓಡಿದಳು. ಸಂಜೆಗೆ ಪಾದದ ಮೇಲೆ ರಕ್ತ ಜಿನುಗಿತು. ಅಂದು ಶಂಕ್ರವ್ವ ಒಲೆ ಹಚ್ಚಲಿಲ್ಲ. ಕುಬೇರಪ್ಪ ಹೇಳಿದ, “ನನಗೂ ಕಣ್ಣಿಲೆ ನೋಡಾಕ ಆಗೂದಿಲ್ಲ. ಅಜ್ಜಾರ ಕಡೆ ಹೋಗಿ ದಾರ ಕಟ್ಟಸೂಣು. ಅದಕೂ ಬಗ್ಗಲಿಲ್ಲಂದ್ರ ಅಲ್ಲಿಂದ ಹಂಗ ಕಣಿವಿ ಇಳದು ರೈಲಿಗೆ ಹೋಗೂದು, ಅಕ್ಕನ ಊರಾಗ ಬಿಟ್ಟ ಬರೂದು.” ಅವನ ಅಕ್ಕ ರೈಲಿನಲ್ಲಿ ಒಂದು ಹಗಲಿನ ದಾರಿಯಷ್ಟು ದೂರದವಳು. ಮಕ್ಕಳಿಲ್ಲದವಳು, ಶಿಸ್ತಿಗೆ ಹೆಸರಾದವಳು. ಅವಳ ಮನೆಯಲ್ಲಿ ಬಾಗಿಲ ಹಿಂದೆ ಯಾವಾಗಲೂ ಒಂದು ಬಡಿಗೆ ಇರುವುದು ಬಂಧು ಬಳಗಕ್ಕೆಲ್ಲ ಗೊತ್ತು. ಶಂಕ್ರವ್ವ ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. ಮರುದಿನ ನಸುಕಿನಲ್ಲಿ ಕೂಸಿನ ಎರಡು ಲಂಗ ಮಡಿಚಿ ಗಂಟು ಕಟ್ಟಿಕೊಂಡು ಹೊರಟಳು.

ಶಿವರಾತ್ರಿಗೆ ಇನ್ನು ನಾಲ್ಕು ದಿನ. ಬಿಸಿಲು ಏರುವ ಹೊತ್ತಿಗೆ ಇವರು ಮಠದ ಮುಂದೆ ಬಂದಾಗ ಬೇವಿನ ಮರದಾಚೆ ಏಳು ಹಲಗೆಗಳ ತುಂಬ ವಿಭೂತಿ ಗಟ್ಟಿ ಒಣಗುತ್ತಿದ್ದವು. ಕುಬೇರಪ್ಪ ಅಜ್ಜನವರಿಗೆ ಅಡ್ಡಬೀಳಲು ಬಗ್ಗಿದ. ಬಗ್ಗುವಾಗ ಮಗಳ ಕೈ ಬಿಟ್ಟ. ಅಷ್ಟೇ ಸಾಕಾಯಿತು. ನೀಲಿ ಮೊದಲನೆಯ ಹಲಗೆಯಿಂದ ಏಳನೆಯ ಹಲಗೆಯವರೆಗೆ, ಒಂದನ್ನೂ ಬಿಡದೆ, ಹೆಜ್ಜೆ ಹಾಕಿ ಓಡಿದಳು. ಎರಡು ವಾರದ ಕಾಯಕ ಪುಡಿಪುಡಿಯಾಗಿ ಗಾಳಿಗೆ ಎದ್ದಿತು.

“ನನ್ನ ಬಾಯಾಗ ಬಂದ ಮಾತು ಮಠದಾಗ ಆಡೂದಲ್ಲ,” ಎಂದು ಗದಿಗೆಯ್ಯನವರು ಈಗಲೂ ಗಲ್ಲ ಬಡಿದುಕೊಳ್ಳುತ್ತಾರೆ. ಕುಬೇರಪ್ಪ ಕೈ ಎತ್ತಿದ.

“ಕೈ ಇಳಸು,” ಎಂದರು ಅಜ್ಜನವರು.

ಅವನು ಕೈ ಇಳಿಸಿದ. ಗದಿಗೆಯ್ಯನವರು, “ಅಜ್ಜಾರ, ಹಬ್ಬಕ್ಕ ಏನ ಕೊಡೂದ್ರಿ ಇನ್ನ?” ಎಂದು ಅಳುವ ದನಿಯಲ್ಲಿ ಕೇಳಿದರು. ಅಜ್ಜನವರು ಹಲಗೆಯ ಮೇಲಿನ ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ, “ಬೂದಿ ಮತ್ತ ಬೂದಿ ಆತು. ಕೆಟ್ಟದ್ದೇನು? ಈ ಪುಡೀನ ಕೊಡೂಣು, ಅವರ ಹಣಿಗೆ ಹಚ್ಕೊತಾರ,” ಎಂದರು.

ಆಮೇಲೆ ಆ ಮಹನೀಯರು ನೆಲಕ್ಕೆ ಕೂತು ಕೂಸನ್ನು ಕೈಸನ್ನೆ ಮಾಡಿ ಕರೆದರು. ನೀಲಿ ಬಂದಳು, ಬಂದು ನಿಂತಲ್ಲೇ ಕುಣಿಯುತ್ತಿದ್ದಳು. ಆ ಕುಣಿಯುವ ಕಾಲಿನ ಮೇಲೆ ಹಗ್ಗದ ಬರೆ ಕಾಣಿಸಿತು. ಅಜ್ಜನವರು ತಂಬಿಗೆಯ ನೀರಿನಿಂದ ಬರೆಯನ್ನು ತೊಳೆದು, ಅವಳೇ ತುಳಿದ ವಿಭೂತಿಯನ್ನು ಅದರ ಮೇಲೆ ಹಚ್ಚಿದರು. ಕುಬೇರಪ್ಪ ಬೇರೆ ಕಡೆ ನೋಡಿದ.

ನೋಡಿ, ಸುಮ್ಮನಿರಲಾಗದೆ, ಎಲ್ಲವನ್ನೂ ಹೇಳಿದ. ಹಾಸು ಹರಿದದ್ದು, ಓಣಿಯವರ ಮಾತು, ಅಕ್ಕನ ಊರು. “ತಾಯಿ ಸಲಿಗಿ ಕೊಟ್ಟಾಳ್ರಿ ಅಜ್ಜಾರ. ಮನ್ಯಾಗ ಕುಂತ ಒಂದ ಕೂಸು ನೋಡ್ಕೊಳ್ಳಾಕ ಆಗೂದಿಲ್ಲ ಈಕಿಗೆ,” ಎಂದ.

ಶಂಕ್ರವ್ವ ಮರದ ಬೊಡ್ಡೆಗೆ ಒರಗಿ ನಿಂತಿದ್ದಳು. ಕಣ್ಣು ಮಾತ್ರ ಕೂಸಿನ ಹಿಂದೆ ಓಡಾಡುತ್ತಿತ್ತು. ಅಜ್ಜನವರು ಅವಳತ್ತ ತಿರುಗಿ, “ಉಂಡೀಯೇನವ್ವಾ?” ಎಂದು ಕೇಳಿದರು.

ಅವಳು ಸ್ವಲ್ಪ ಹೊತ್ತು ಯೋಚಿಸಿ, “ನೆಪ್ಪಿಲ್ರಿ ಅಜ್ಜಾರ,” ಎಂದಳು.

ಹೊಟ್ಟೆಗೆ ಉಂಡದ್ದು ಬಿಟ್ಟದ್ದು ನೆನಪಿಲ್ಲದ ಸ್ಥಿತಿಗೆ ಮನುಷ್ಯರು ಬರುವುದಕ್ಕೆ ಬಹಳ ದಿನ ಬೇಕಾಗುತ್ತದೆ. ಅಜ್ಜನವರು ಗದಿಗೆಯ್ಯನವರಿಗೆ ರೊಟ್ಟಿ ಮಜ್ಜಿಗೆ ಕೊಡಲು ಅಪ್ಪಣೆ ಮಾಡಿದರು. ಶಂಕ್ರವ್ವನಿಗೆ, “ಉಂಡು ಗದ್ದಿಗಿ ಮುಂದ ಮಲಕ್ಕೋ. ಕೂಸಿನ ಕಾವಲ ಇವತ್ತ ನಿಂದಲ್ಲ,” ಎಂದರು. ಗದ್ದುಗೆಯ ಮುಂದೆ ಮಲಗುವುದೇ! ಗದಿಗೆಯ್ಯನವರು ಬಾಯಿ ತೆರೆದರು. ಅಜ್ಜನವರ ಮುಖ ನೋಡಿ ಮುಚ್ಚಿದರು. ಶಂಕ್ರವ್ವ ಅರ್ಧ ರೊಟ್ಟಿ ಉಂಡಳು. ಉಳಿದರ್ಧ ಕೈಯಲ್ಲಿರುವಾಗಲೇ ನಿದ್ದೆ ಹೋದಳು.

ಇನ್ನು ದಾರದ ಮಾತು. ಆ ಪೇಟೆಯಲ್ಲಿ ಒಂದು ರೂಢಿಯಿತ್ತು. ಮಕ್ಕಳು ಬೆಚ್ಚಿದರೆ, ಹಟ ಹಿಡಿದರೆ, ತಂದೆಯಾದವನು ತನ್ನ ಮಗ್ಗದ ನೂಲನ್ನು ಒಂದು ಗೇಣು ಹರಿದು ಅಜ್ಜನವರ ಸನ್ನಿಧಿಗೆ ಒಯ್ಯುವುದು. ಅವರು ಮಂತ್ರಿಸಿ ಕೂಸಿನ ಕೈಗೆ ಕಟ್ಟುವುದು. ಕುಬೇರಪ್ಪ ಸೊಂಟದಿಂದ ಹೊರತೆಗೆದದ್ದು ಗೇಣುದ್ದದ ದಾರವಲ್ಲ, ಒಂದಿಡೀ ಲಡಿ ಕೆಂಪು ನೂಲು.

“ಇದೇನೋ?” ಎಂದರು ಅಜ್ಜನವರು.

“ಇಂಥಾ ಕೂಸಿಗೆ ಗೇಣುದ್ದದ್ದು ಸಾಲೂದಿಲ್ರಿ ಅಂತ...” ಎಂದ ಕುಬೇರಪ್ಪ, ಸಂಕೋಚದಿಂದ.

ಅಜ್ಜನವರು ಹೊಟ್ಟೆ ಕುಲುಕುವಂತೆ ನಕ್ಕರು. ನಕ್ಕು, “ಖರೇ ಐತಿ, ಸಾಲೂದಿಲ್ಲ,” ಎಂದು ಲಡಿಯಿಂದ ಒಂಟಿ ಎಳೆ ಬಿಚ್ಚುತ್ತ ಹೋದರು. ಎರಡೂ ಕೈ ಚಾಚಿ ಅಳೆದರು. ಒಂದು ಮಾರು, ಎರಡು ಮಾರು, ಹೀಗೆ ಐದು ಮಾರು. ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸಿ, ಒಂದು ತುದಿಯನ್ನು ನೀಲಿಯ ಕೈಗೆ ಕಟ್ಟಿದರು. ಇನ್ನೊಂದು ತುದಿ ಹಿಡಿದು, “ಕೈ ಕೊಡು,” ಎಂದರು ಕುಬೇರಪ್ಪನಿಗೆ.

“ನನಗ್ಯಾಕ್ರೀ?”

“ಕೊಡು.”

ಕಟ್ಟಿದ ಮೇಲೆ ಹೇಳಿದರು: “ಬೇವಿನ ನೆಳ್ಳು ಬಾವಿ ಮುಟ್ಟೂ ತನಕ ಈ ಎಳಿ ಹರೀದಂಗ ಕಾಯಿ. ಹರಿದ್ರ ನೀನ ಗಂಟ ಹಾಕಬೇಕು. ಕೂಸನ್ನ ಎಳಿಯಂಗಿಲ್ಲ, ಬಯ್ಯಂಗಿಲ್ಲ.”

“ಕೂಸು ಸುಮ್ಮನಾಗತೈತೇನ್ರಿ?”

“ಮೊದಲ ನೂಲು ಕಾಯಿ. ಆಮ್ಯಾಲ ಕೇಳು.”

ಕುಬೇರಪ್ಪನಿಗೆ ಅಜ್ಜನವರಲ್ಲಿ ಭಕ್ತಿಯಿತ್ತು. ಆದರೆ ಆ ಗಳಿಗೆಯಲ್ಲಿ ಮುದುಕರಿಗೆ ಅರಳುಮರುಳು ಶುರುವಾಯಿತೇನೋ ಎಂದು ಅನುಮಾನವೂ ಬಂದಿತು. ಇದನ್ನು ಮುಂದೆ ಅವನೇ ಒಪ್ಪಿಕೊಂಡಿದ್ದಾನೆ. ಅಷ್ಟರಲ್ಲಿ ನೀಲಿ ಓಡಿದಳು. ಒಂದು ಎಳೆ ನೂಲು, ಅದೂ ಗಂಜಿ ಕಾಣದ ಹಸಿ ನೂಲು, ಎಷ್ಟು ತಡೆದೀತು? ಬಾವಿಕಟ್ಟೆಯ ಹತ್ತಿರ ಟಪ್ಪನೆ ಹರಿಯಿತು.

ಇವನು ಯಾರು? ಹುಟ್ಟಿದಾಗಿನಿಂದ ನೂಲು ಹರಿಯುವ ಸದ್ದಿಗೆ ಎದೆ ಹೊಡೆದುಕೊಂಡವನು. ನಿದ್ದೆಯಲ್ಲಿಯೂ ಎಳೆ ಹರಿದರೆ ಎದ್ದು ಕೂಡುವವನು. ಓಡಿಹೋಗಿ ಎರಡು ತುದಿ ಹುಡುಕಿ, ಎಂಜಲು ಹಚ್ಚಿ, ಹೊಸೆದು ಗಂಟು ಹಾಕಿದ. ಎದ್ದು ನೋಡಿದರೆ ಮಗಳು ಕುಳ್ಳಿನ ಬಣವೆಯ ಮೇಲೆ. ಮತ್ತೆ ಟಪ್! ಮೂರನೆಯ ಸಲ, “ಏ ನೀಲೀ, ನಿಂದರ...” ಎಂದು ಕೂಗಿಯೇ ಬಿಟ್ಟ. ಹಿಂದಿನಿಂದ ಗದಿಗೆಯ್ಯನವರು ಕೆಮ್ಮಿದರು. ಅವರನ್ನು ಅಜ್ಜನವರು ಅದಕ್ಕಾಗಿಯೇ ಹಿಂದೆ ಕಳಿಸಿದ್ದರು. ಕುಬೇರಪ್ಪ ನಾಲಗೆ ಕಚ್ಚಿಕೊಂಡ.

ನಾಲ್ಕು ಸಲ ಹರಿದ ಮೇಲೆ ಅವನಿಗೆ ಒಂದು ಹೊಳೆಯಿತು. ನಿಂತಲ್ಲಿ ನಿಂತು ನೂಲು ಕಾಯಲು ಬರುವುದಿಲ್ಲ. ಕೂಸು ಓಡಿದರೆ ತಾನೂ ಓಡಬೇಕು. ಹತ್ತಿದರೆ ತಾನೂ ಹತ್ತಬೇಕು. ನೂಲು ಬಿಗಿಯಾಗದಷ್ಟು ಹತ್ತಿರ ಇರಬೇಕು. ಬೇರೆ ಉಪಾಯವೇ ಇಲ್ಲ. ಓಡಿದ. ಹದಿನೈದು ವರ್ಷ ಮಗ್ಗದ ತಗ್ಗಿನಲ್ಲಿ ಕೂತ ಕಾಲುಗಳು, ಓಡುವುದೆಂದರೇನು ಎಂಬುದನ್ನೇ ಮರೆತಿದ್ದವು. ಧೋತರದ ಕಚ್ಚೆ ಬಿಚ್ಚಿತು, ಕಾಲಿಗೆ ಮುಳ್ಳು ನಟ್ಟಿತು. ಗದಿಗೆಯ್ಯನವರು ನಗು ತಡೆಯಲಾರದೆ ಬೇರೆ ಕಡೆ ಮುಖ ಮಾಡಿ ನಿಂತರಂತೆ. ವಿಭೂತಿಯ ಸಿಟ್ಟು ಅವರಿಗೆ ಅಲ್ಲಿಗೆ ಇಳಿಯಿತು.

ಐದನೆಯ ಸಲ ಹರಿದಾಗ ನೀಲಿ ತಾನೇ ತಿರುಗಿ ಬಂದಳು. ತಂದೆ ಗಂಟು ಹಾಕುವ ಬೆರಳುಗಳನ್ನು ಬಗ್ಗಿ ನೋಡಿದಳು. ನೇಕಾರನ ಗಂಟು ಕಣ್ಣಿಗೆ ಸಿಗುವುದಿಲ್ಲ. ಹೊಸೆದದ್ದಷ್ಟೇ ಕಾಣುತ್ತದೆ, ಕೂಡಿಕೊಂಡದ್ದು ಕಾಣುವುದಿಲ್ಲ.

“ಹೆಂಗ ಮಾಡಿದಿ ಅಪ್ಪಾ? ಮತ್ತೊಮ್ಮಿ ಮಾಡು!”

ಎಂದವಳೇ ಕೈ ಜಗ್ಗಿ ಟಪ್ಪನೆ ಹರಿದಳು, ಬೇಕೆಂದೇ. ಕುಬೇರಪ್ಪನಿಗೆ ಉರಿದುಹೋಯಿತು. ಕೂಸಿನ ಮುಖ ನೋಡಿದ. ಅದು ಅವನ ಮುಖ ನೋಡುತ್ತಿರಲಿಲ್ಲ, ಅವನ ಬೆರಳುಗಳನ್ನೇ ನೋಡುತ್ತಿತ್ತು. ಅವನು ಗಂಟು ಹಾಕಿದ, ಈ ಸಲ ನಿಧಾನವಾಗಿ, ಅವಳಿಗೆ ಕಾಣುವಂತೆ. “ನಾ ಮಾಡ್ತೇನಿ,” ಎಂದಳು. ಇಬ್ಬರೂ ಮಣ್ಣಿನಲ್ಲಿ ಕೂತರು. ಆ ಪುಟ್ಟ ಬೆರಳುಗಳಿಗೆ ಗಂಟು ದಕ್ಕಲಿಲ್ಲ. ಆದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಆ ಕೂಸು ಕೂತದ್ದನ್ನು ಗದಿಗೆಯ್ಯನವರು ಕಣ್ಣಾರೆ ಕಂಡರು. ಆಮೇಲೆ ಯಥಾಪ್ರಕಾರ ಬಾಣದ ಹಾಗೆ ಹೋಯಿತು.

ಮಧ್ಯಾಹ್ನ ನೂಲು ಒಂದು ಜಾಲಿಪೊದೆಗೆ ಸಿಕ್ಕಿಕೊಂಡಿತು. ನೀಲಿ ಆ ಪೊದೆಯ ಬುಡದಲ್ಲಿ ನುಸುಳಿ ಅಂಗಾತ ಮಲಗಿಬಿಟ್ಟಿದ್ದಳು. ನೂಲು ಬಿಡಿಸುತ್ತ ಕುಬೇರಪ್ಪನೂ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದ. ಗದಿಗೆಯ್ಯನವರು ಹೊರಗೆ ಕಲ್ಲಿನ ಮೇಲೆ ಕೂತಿದ್ದರು. ಒಳಗಿನ ಮಾತು ಅವರಿಗೆ ಸ್ವಚ್ಛ ಕೇಳಿಸಿತು.

“ಅಪ್ಪಾ, ಮ್ಯಾಲ ನೋಡು. ಹಸರ ಬಿಸಲು.”

“ಹೌದಲ್ಲ.”

“ಅವತ್ತ ಓಣ್ಯಾಗ ಕೆಂಪ ಬಿಸಲಿತ್ತು. ಇದಕ್ಕಿಂತ ಛಲೋ.”

“ಯಾವತ್ತ?”

“ನೀ ನನಗ ಹಗ್ಗ ಕಟ್ಟೀ ನೋಡು, ಅದರಕಿಂತ ಮೊದಲ. ಹಾಸಿನ ಕೆಳಗ ಹೋದ್ನೆಲಾ, ಅಲ್ಲಿ ಎಲ್ಲಾ ಕೆಂಪ. ನನ್ನ ಕೈನೂ ಕೆಂಪ. ನೀ ನೋಡ್ಲಿ ಅಂತ ಕರಿಯಾಕ ಎದ್ದೆ.”

ಕುಬೇರಪ್ಪ ಹುಟ್ಟಿದ್ದು ಹಾಸಿನ ಪಕ್ಕದಲ್ಲಿ, ಬೆಳೆದದ್ದು ಹಾಸಿನ ಪಕ್ಕದಲ್ಲಿ. ಅದರ ಕೆಳಗೆ ಬಿಸಿಲು ಯಾವ ಬಣ್ಣದ್ದಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಯಾಕೆ ಎದ್ದೆ ಎಂದು ಕೂಸನ್ನು ಆವತ್ತು ಅವನು ಕೇಳಿರಲಿಲ್ಲ. ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಕೊನೆಗೆ ಅವನು ಹೊರಗೆ ಬಂದಾಗ ಮುಖದ ತುಂಬ ಮಣ್ಣು, ಆ ಮಣ್ಣಿನಲ್ಲಿ ಕಣ್ಣೀರು ಇಳಿದ ಎರಡು ಗೆರೆ. ಗದಿಗೆಯ್ಯನವರು ಕಾಣದವರಂತೆ ಎದ್ದು ನಡೆದರು.

ಬೇವಿನ ನೆರಳು ಬಾವಿಯನ್ನು ಮುಟ್ಟಿತು. ಕುಬೇರಪ್ಪ ಮಠದ ಮುಂದೆ ಬಂದು ಕೂತ ಎನ್ನುವುದಕ್ಕಿಂತ ಬಿದ್ದ ಎನ್ನುವುದೇ ಸರಿ. ಎಳೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಂಟುಗಳಿದ್ದವು. ನೀಲಿ? ನೀಲಿ ಮುಂಜಾನೆ ಹೇಗಿದ್ದಳೋ ಹಾಗೆಯೇ ಇದ್ದಳು. ಅಜ್ಜನವರು ಎಳೆ ಬಿಚ್ಚಿದ ಕೂಡಲೇ ಬೇವಿನ ಮರವನ್ನು ಸುತ್ತು ಹಾಕತೊಡಗಿದಳು.

ಆ ಸದ್ದಿಗೆ ಒಳಗೆ ಶಂಕ್ರವ್ವನಿಗೆ ಎಚ್ಚರವಾಯಿತು. “ಕೂಸು! ಕೂಸೆಲ್ಲಿ?” ಎಂದು ತಲೆಗೂದಲು ಕೆದರಿಕೊಂಡು ಹೊರಗೆ ಓಡಿಬಂದಳು. ಕೂಸು ಮರದ ಸುತ್ತ ಓಡುವುದನ್ನೂ ಗಂಡ ನೆಲದ ಮೇಲೆ ಉಸಿರು ಬಿಡುತ್ತ ಕೂತದ್ದನ್ನೂ ನೋಡಿ ಬಾಗಿಲಲ್ಲೇ ನಿಂತಳು. ಅವಳನ್ನು ಕಂಡು ಅಜ್ಜನವರು ಎದ್ದು ನಿಂತರು. ಸಾವಕಾರರು ಬಂದಾಗ ಏಳದವರು, ಅಧಿಕಾರಿಗಳು ಬಂದಾಗ ಏಳದವರು, ಎದ್ದು ನಿಂತೇ ಕೇಳಿದರು:

“ಕುಬೇರಪ್ಪಾ, ದಣದೇನು?”

“ಕಾಲ ಹೋದವ್ರಿ ಅಜ್ಜಾರ. ಒಂದ ಹಗಲಿಗೆ ನನ್ನ ಜೀವ ಹೋದಂಗಾತ್ರಿ.”

ಅಜ್ಜನವರು ಬಾಗಿಲಲ್ಲಿದ್ದ ಶಂಕ್ರವ್ವನ ಕಡೆಗೆ ನೋಡಿ, “ಈಕಿಗೆ ಆರು ವರ್ಷ ಆತು,” ಎಂದರು.

ಅಷ್ಟೇ ಹೇಳಿದ್ದು. ಆ ದನಿಯಲ್ಲಿ ಬೈಗುಳದ ಸುಳಿವೂ ಇರಲಿಲ್ಲ ಎಂದು ಗದಿಗೆಯ್ಯನವರು ಹೇಳುತ್ತಾರೆ. ಬೈದಿದ್ದರೆ ಕುಬೇರಪ್ಪ ಏನಾದರೂ ಎದುರು ಹೇಳುತ್ತಿದ್ದನೇನೋ. ಅವನು ಹೆಂಡತಿಯ ಮುಖವನ್ನು ನೋಡಿದ. ಕಣ್ಣ ಕೆಳಗಿನ ಕಪ್ಪು, ಒಡೆದ ಹಿಮ್ಮಡಿ, ಮೊಳಕಾಲಿನ ಮೇಲೆ ಹರಿದು ಹೊಲಿದ ಸೀರೆ, ಎಲ್ಲವನ್ನೂ ನೋಡಿದ. ನೇಕಾರನ ಹೆಂಡತಿಯ ಮೈಮೇಲೆ ಹರಿದ ಸೀರೆ ಇದೆ ಎಂಬುದು ಅವನ ಕಣ್ಣಿಗೆ ಅಂದೇ ಬಿತ್ತು. ತೆವಳಿಕೊಂಡು ಬಂದು ಅಜ್ಜನವರ ಪಾದದ ಮೇಲೆ ತಲೆಯಿಟ್ಟ.

ಕೂಸು ಸುಮ್ಮನಾಗುತ್ತದೆಯೇ ಎಂದು ಅವನು ಮತ್ತೆ ಕೇಳಲಿಲ್ಲ. “ಇನ್ನ ನಾ ಏನ ಮಾಡ್ಲಿ ಅಜ್ಜಾರ?” ಎಂದು ಕೇಳಿದ.

“ಆ ಕೂಸು ಹಿಂಗ ಇರತೈತಿ. ಶಿವ ಅದಕ್ಕ ಕಸುವು ಹೆಚ್ಚಿಗಿ ಕೊಟ್ಟಾನ, ಅದು ತಪ್ಪಲ್ಲ,” ಎಂದು ಅಜ್ಜನವರು ಅವನ ಭುಜ ಹಿಡಿದು ಎತ್ತಿದರು. “ಆದ್ರ ಅದನ್ನ ಒಬ್ಬಾಕಿ ಕೈಯಾಗ ಕೊಟ್ಟಿಲ್ಲಪಾ. ಇಬ್ಬರ ಕೈಯಾಗ ಕೊಟ್ಟಾನ.”

ಮಹಾತ್ಮರ ಪವಾಡಗಳನ್ನು ಕೇಳಲು ಬಯಸುವ ಭಕ್ತರು ಇಲ್ಲಿ ನನ್ನನ್ನು ಕ್ಷಮಿಸಬೇಕು. ಅಂದು ಕೂಸು ಬದಲಾಗಲಿಲ್ಲ. ಆ ವರ್ಷವೂ ಬದಲಾಗಲಿಲ್ಲ, ಮರುವರ್ಷವೂ ಇಲ್ಲ. ಶ್ರೀಗಳ ಕೃಪೆ ಬೇರೆ ಕಡೆ ಇಳಿಯಿತು. ಮುಂದೆ ದಿನಾ ಮುಂಜಾನೆ ಕುಬೇರಪ್ಪ ಮಗ್ಗಕ್ಕೆ ಕೂಡುವ ಮೊದಲು ಮಗಳ ಜೊತೆ ಕೆರೆಯ ಏರಿಯ ಮೇಲೆ ಓಡುವುದನ್ನು ಪೇಟೆಯವರು ಕಂಡರು. “ಕುಬೇರಪ್ಪಗ ಹುಚ್ಚ ಹಿಡದೈತಿ,” ಎಂದು ನಕ್ಕರು. ಹಾಸು ಹಾಕುವ ದಿನ ಅವನು ಮಗಳನ್ನು ಕರೆದುಕೊಂಡು ತಾನೇ ಅದರ ಕೆಳಗೆ ನುಸುಳಿ, ಬಿಸಿಲು ಏರುವವರೆಗೆ ಇಬ್ಬರೂ ಅಂಗಾತ ಮಲಗಿರುತ್ತಿದ್ದರಂತೆ. ಅದನ್ನು ಕಂಡ ಮೇಲೆ ನಗುವವರೂ ಸುಮ್ಮನಾದರು. ಅವರ ಮಕ್ಕಳು ಹೋಗಿ ಪಕ್ಕದಲ್ಲಿ ಮಲಗತೊಡಗಿದ್ದರು. ಇದೆಲ್ಲ ಪೇಟೆಯವರು ಹೇಳಿದ ಮಾತು. ಗದಿಗೆಯ್ಯನವರು ಸ್ವತಃ ಕಂಡದ್ದು ಅಂದಿನ ಇಳಿಹೊತ್ತಿನದು.

ಅಜ್ಜನವರ ಅಪ್ಪಣೆಯಂತೆ ಅವರು ಈ ಮೂವರನ್ನು ಕಣಿವೆಯ ಬಾಯಿಯವರೆಗೆ ಕಳಿಸಲು ಹೋಗಿದ್ದರು. ಅಲ್ಲಿ ದಾರಿ ಒಡೆಯುತ್ತದೆ. ಒಂದು ಕೆಳಗೆ ಇಳಿದು ರೈಲು ನಿಲ್ದಾಣಕ್ಕೆ, ಇನ್ನೊಂದು ಪೇಟೆಗೆ. ಶಂಕ್ರವ್ವನಿಗೆ ಅಕ್ಕನ ಊರಿನ ಬಗ್ಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಅವಳು ಕಂಕುಳ ಗಂಟನ್ನು ಬಿಗಿಯಾಗಿ ಹಿಡಿದು, ಗಂಡ ಯಾವ ಕಡೆ ತಿರುಗುತ್ತಾನೆಂದು ನೋಡುತ್ತ ನಿಂತಳು.

“ಮನಿಗೆ ನಡಿ,” ಎಂದ ಕುಬೇರಪ್ಪ. “ಅಕ್ಕಗ ಕಾಗದ ಹಾಕತೇನಿ, ಬರೂದಿಲ್ಲಂತ.”

ಅವನು ಮಾತು ಮುಗಿಸುವಷ್ಟರಲ್ಲಿ ನೀಲಿ ಪೇಟೆಯ ದಾರಿಯಲ್ಲಿ ಕಲ್ಲುಗಳ ಮೇಲಿಂದ ಹಾರುತ್ತ ದೂರ ಹೋಗಿದ್ದಳು. ಶಂಕ್ರವ್ವ ಆರು ವರ್ಷದ ರೂಢಿಯಂತೆ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕುಬೇರಪ್ಪ ಅವಳ ಕೈ ಹಿಡಿದ.

“ನೀ ಕುಂದ್ರು. ಸಾವಕಾಶ ಬಾ. ನಾ ಹೋಗತೇನಿ.”

ಎಂದು ಕುಂಟುತ್ತ, ಮಗಳ ಹೆಸರು ಕೂಗುತ್ತ, ಓಡಿದ.

ಶಂಕ್ರವ್ವ ದಾರಿಯ ಬದಿಯ ಬಂಡೆಯ ಮೇಲೆ ಕೂತಳು. ಮೊದಲು ತುದಿಯಲ್ಲಿ ಕೂತಳು, ಯಾವಾಗ ಏಳಬೇಕಾದೀತೋ ಎನ್ನುವವಳ ಹಾಗೆ. ಆಮೇಲೆ ಸರಿದು ಪೂರ್ತಿ ಕೂತಳು. ದೂರದಲ್ಲಿ ತಂದೆ ಮಗಳ ನಗು ಕೇಳಿಸಿತು. ಅವಳ ಭುಜ ಅಲುಗುತ್ತಿದ್ದುದನ್ನು ಕಂಡು ಗದಿಗೆಯ್ಯನವರಿಗೆ ಗಾಬರಿಯಾಯಿತು.

“ಯಾಕವ್ವಾ, ಏನಾತು?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅವರತ್ತ ನೋಡಿದಳು. “ಅಯ್ಯಾರ,” ಎಂದಳು, “ಇವರು ನನಗ ಕುಂದ್ರು ಅಂದರ್ರಿ.”